ಡೆಲ್ಫ್ ಬಿ2, ಟಿಸಿಎಫ್ ಕೆನಡಾ: ಎರಡನ್ನೂ ಬರೆದು ನೋಡಿದ ಮೇಲೆ

ಫ್ರೆಂಚ್ ಪರೀಕ್ಷೆಗೆ ಸಿದ್ಧರಾಗುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವುದು ಸುಲಭ ಎಂದು. ಡೆಲ್ಫ್ ಬಿ2 (ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲಿ ನಾಲ್ಕನೆಯದರ ಪರೀಕ್ಷೆ) ಮತ್ತು ಟಿಸಿಎಫ್ ಕೆನಡಾ ಎರಡನ್ನೂ ಬರೆದಿರುವ ನನ್ನ ಮಟ್ಟಿಗೆ, ಪ್ರಮಾಣಪತ್ರ ಯಾವ ಕೆಲಸಕ್ಕೆ ಬೇಕು ಎಂಬುದು ಇತ್ಯರ್ಥವಾಗದೆ ಆ ಪ್ರಶ್ನೆಗೆ ಉತ್ತರವಿಲ್ಲ. ಎರಡನ್ನೂ ರೂಪಿಸುವುದು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿರುವ ಫ್ರಾನ್ಸ್ ಎಜ್ಯುಕಾಸಿಯೋಂ ಆಂತೆರ್‌ನಾಸಿಯೊನಾಲ್ ಎಂಬ ಒಂದೇ ಸಂಸ್ಥೆ. ಆದರೆ ಡೆಲ್ಫ್ ಒಂದು ಡಿಪ್ಲೊಮಾ. ಒಮ್ಮೆ ಪಾಸಾದರೆ ಅದಕ್ಕೆ ಅವಧಿಯ ಮಿತಿಯಿಲ್ಲ, ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಓದಬಯಸುವವರಿಗೆ ಅದೇ ಸರಿಯಾದ ದಾರಿ. ಟಿಸಿಎಫ್ ಕೆನಡಾದ ಫಲಿತಾಂಶಕ್ಕೆ ಎರಡೇ ವರ್ಷಗಳ ಆಯುಸ್ಸು. ಆದರೂ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಗೆ ಅರ್ಜಿ ಹಾಕುವವರಿಗೆ ಡೆಲ್ಫ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಡೆಯುವುದು ಟಿಸಿಎಫ್ ಕೆನಡಾ ಅಥವಾ ಪ್ಯಾರಿಸ್ ವಾಣಿಜ್ಯ ಮಂಡಳಿಯ ಟಿಇಎಫ್ ಕೆನಡಾ.

ತಯಾರಿಯ ವ್ಯತ್ಯಾಸ ಎದ್ದು ಕಾಣುವುದು ಆಲಿಸುವ ಭಾಗದಲ್ಲಿ. ಡೆಲ್ಫ್ ಬಿ2ನಲ್ಲಿ ಉದ್ದನೆಯ ಧ್ವನಿಮುದ್ರಣಗಳನ್ನು ಎರಡು ಸಲ ಕೇಳಿಸುವುದರಿಂದ, ಮೊದಲ ಸಲ ವಾದದ ಎಳೆಯನ್ನೂ ಎರಡನೆಯ ಸಲ ವಿವರಗಳನ್ನೂ ಹಿಡಿಯಲು ಅವಕಾಶವಿದೆ. ಟಿಸಿಎಫ್‌ನಲ್ಲಿ 35 ನಿಮಿಷಗಳಲ್ಲಿ 39 ಪ್ರಶ್ನೆಗಳು. ಪ್ರತಿಯೊಂದು ತುಣುಕೂ ಒಂದೇ ಸಲ, ಅದೂ ಎ1 ಮಟ್ಟದಿಂದ ಸಿ2ವರೆಗೆ ಮೆಟ್ಟಿಲು ಹತ್ತಿದಂತೆ ಕಠಿಣವಾಗುತ್ತ ಹೋಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ, ಕೈತಪ್ಪಿದ ಪ್ರಶ್ನೆಗೆ ಯಾವುದಾದರೊಂದು ಗುರುತು ಹಾಕಿ ಕೂಡಲೇ ಮುಂದಿನದಕ್ಕೆ ಕಿವಿಗೊಡುವುದನ್ನು ರೂಢಿಸಿಕೊಳ್ಳಬೇಕು. ಇದು ಭಾಷೆಗಿಂತ ಹೆಚ್ಚಾಗಿ ಮನಸ್ಸಿನ ತಾಲೀಮು. ಆರ್‌ಎಫ್‌ಐ ರೇಡಿಯೊದ ‘ಜೂರ್ನಾಲ್ ಆಂ ಫ್ರಾಂಸೆ ಫಸೀಲ್’ ಎಂಬ ಹತ್ತು ನಿಮಿಷಗಳ ಸುದ್ದಿಯನ್ನು ಪಠ್ಯದೊಂದಿಗೆ ಕೇಳುವುದು ಡೆಲ್ಫ್‌ಗೆ ಒಳ್ಳೆಯ ಬುನಾದಿ. ಟಿಸಿಎಫ್‌ನ ಕೊನೆಯ ಪ್ರಶ್ನೆಗಳಿಗೆ ಮಾತ್ರ ಅದು ಸಾಲದು. ಅದಕ್ಕೆ ನಿಧಾನಿಸದ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವ ರೇಡಿಯೊ ಚರ್ಚೆಗಳೇ ಬೇಕು. ಟಿವಿ5ಮೊಂದ್ ಜಾಲತಾಣದ ಉಚಿತ ಟಿಸಿಎಫ್ ಅಭ್ಯಾಸ ಪರೀಕ್ಷೆಗಳೂ ವೇಗ ಕಲಿಸುತ್ತವೆ. ಪಿಯುಸಿಯಲ್ಲಿ ಅಂಕಗಳಿಗಾಗಿ ಫ್ರೆಂಚ್ ತೆಗೆದುಕೊಂಡವರಿಗೆ ವ್ಯಾಕರಣ ಎಷ್ಟೇ ಗಟ್ಟಿಯಿದ್ದರೂ ಹೆಚ್ಚು ಬೆವರಿಳಿಸುವ ಭಾಗ ಇದೇ.

ಓದುವ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎರಡರಲ್ಲೂ ಒಂದು ಗಂಟೆ, ಒಂದಕ್ಕೆ ಮಾಡಿದ ಅಭ್ಯಾಸ ಇನ್ನೊಂದಕ್ಕೂ ಒದಗುತ್ತದೆ.

ಬರವಣಿಗೆಗೂ ಒಂದೊಂದು ಗಂಟೆಯೇ, ಆದರೆ ಬೇಡುವ ಕೌಶಲ ಬೇರೆ. ಡೆಲ್ಫ್‌ನಲ್ಲಿ ಕನಿಷ್ಠ 250 ಪದಗಳ ಒಂದೇ ಬರಹ, ಉದಾಹರಣೆಗೆ ನಗರದ ಮೇಯರ್‌ಗೆ ಆಕ್ಷೇಪಣೆಯ ಪತ್ರ. ಪೀಠಿಕೆ, ಎರಡು ಮೂರು ವಾದಗಳು, ಉದಾಹರಣೆ, ಕೋರಿಕೆ ಎಂಬ ಕಟ್ಟಡ ಸರಿಯಾಗಿ ನಿಲ್ಲಬೇಕು. ಟಿಸಿಎಫ್‌ನಲ್ಲಿ ಅದೇ ಗಂಟೆಯೊಳಗೆ ಮೂರು ಬರಹಗಳು, ಮತ್ತು ಮೂರನೆಯದರಲ್ಲಿ ಒಂದೇ ವಿಷಯದ ಕುರಿತ ಎರಡು ಅಭಿಪ್ರಾಯಗಳನ್ನು 40ರಿಂದ 60 ಪದಗಳಲ್ಲಿ ಸಂಗ್ರಹಿಸಿದ ಮೇಲೆಯೇ ನಮ್ಮ ನಿಲುವಿಗೆ ಬರಬೇಕು. ಈ ಸಂಗ್ರಹವನ್ನು ಮೂಲದ ಪದಗಳನ್ನೇ ಎತ್ತಿಕೊಳ್ಳದೆ ಬರೆಯುವುದಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಬೇಕಾಯಿತು.

ಮಾತಿನ ಪರೀಕ್ಷೆಯಲ್ಲಿ ಡೆಲ್ಫ್ ಉದಾರಿ: 30 ನಿಮಿಷಗಳ ಸಿದ್ಧತೆ, ಬಳಿಕ ಸುಮಾರು 20 ನಿಮಿಷಗಳ ಮಂಡನೆ ಮತ್ತು ಚರ್ಚೆ. ಟಿಸಿಎಫ್‌ನಲ್ಲಿ ಒಟ್ಟು 12 ನಿಮಿಷಗಳಲ್ಲಿ ಮೂರು ಕೆಲಸಗಳು, ಸಿದ್ಧತೆಗೆ ಸಿಗುವುದು ಎರಡನೆಯದಕ್ಕೆ ಮಾತ್ರ, ಅದೂ ಎರಡೇ ನಿಮಿಷ. ಆ ಎರಡನೆಯ ಕೆಲಸದಲ್ಲಿ ಪ್ರಶ್ನೆ ಕೇಳಬೇಕಾದವರು ನಾವು. ಬಾಡಿಗೆ ಮನೆ, ಈಜು ತರಗತಿ, ಪ್ರವಾಸ ಹೀಗೆ ಯಾವ ವಿಷಯ ಬಂದರೂ ಹತ್ತಾರು ಪ್ರಶ್ನೆಗಳನ್ನು ತಡವರಿಸದೆ ಕೇಳುವುದು, ಉತ್ತರಿಸುವುದನ್ನಷ್ಟೇ ಕಲಿಸುವ ನಮ್ಮ ತರಗತಿಗಳಿಂದ ಬಂದವರಿಗೆ ಹೊಸ ವಿದ್ಯೆಯೇ ಸರಿ.

ಅಂಕಗಳ ಲೆಕ್ಕವೂ ತಯಾರಿಯನ್ನು ಬದಲಿಸುತ್ತದೆ. ಡೆಲ್ಫ್‌ನಲ್ಲಿ ನೂರಕ್ಕೆ 50 ಬಂದು, ಪ್ರತಿ ಭಾಗದಲ್ಲಿ 25ಕ್ಕೆ ಕನಿಷ್ಠ 5 ಇದ್ದರೆ ಪಾಸು. ಓದುವುದರಲ್ಲಿ ಗಳಿಸಿದ್ದು ಆಲಿಸುವುದರಲ್ಲಿ ಕಳೆದುಕೊಂಡಿದ್ದನ್ನು ತುಂಬಿಕೊಡುತ್ತದೆ. ಟಿಸಿಎಫ್‌ನಲ್ಲಾದರೆ, ಕೆನಡಾ ಕೇಳುವ ಎನ್‌ಸಿಎಲ್‌ಸಿ (ಫ್ರೆಂಚ್ ಅಳೆಯುವ ಕೆನಡಾದ್ದೇ ಮಾಪನ) 7ರ ಮಟ್ಟಕ್ಕೆ ಆಲಿಸುವುದರಲ್ಲಿ 458, ಓದುವುದರಲ್ಲಿ 453, ಬರವಣಿಗೆ ಮತ್ತು ಮಾತಿನಲ್ಲಿ 20ಕ್ಕೆ 10 ಹೀಗೆ ನಾಲ್ಕನ್ನೂ ಪ್ರತ್ಯೇಕವಾಗಿ ದಾಟಬೇಕು. ಆದ್ದರಿಂದ ಡೆಲ್ಫ್‌ಗೆ ಬಲವಾದ ಭಾಗವನ್ನು ಇನ್ನಷ್ಟು ಬಲಪಡಿಸುವುದು ಜಾಣತನವಾದರೆ, ಟಿಸಿಎಫ್‌ಗೆ ಹೆಚ್ಚಿನ ವೇಳೆಯನ್ನೆಲ್ಲ ದುರ್ಬಲ ಭಾಗಕ್ಕೇ ಮೀಸಲಿಡಬೇಕಾಗುತ್ತದೆ. ಎರಡೂ ಬೇಕಾದವರು ಡೆಲ್ಫ್ ಅನ್ನು ಮೊದಲು ಮುಗಿಸಿ, ಅರ್ಜಿಯ ಉಳಿದ ಕಾಗದಪತ್ರಗಳು ಕೈಸೇರುವ ಹೊತ್ತಿಗೆ ಟಿಸಿಎಫ್ ಬರೆಯುವುದು ಒಳ್ಳೆಯದು. ಆಗ ಆ ಎರಡು ವರ್ಷಗಳು ಸುಮ್ಮನೆ ಸವೆಯುವುದಿಲ್ಲ.