ಗಲೀಜು ಮಾಡುವ ಕುದುರೆಗೆ ಯಾವ ಹಾಸು: ಒಣಹುಲ್ಲು, ಮರದ ಶೇವಿಂಗ್ಸ್, ಪೆಲೆಟ್?

ರಾತ್ರಿಯಿಡೀ ಲಾಯದಲ್ಲಿ ಸುತ್ತು ಹಾಕಿ ಲದ್ದಿಯನ್ನೆಲ್ಲ ತುಳಿದು ಕಲಸುವ ಕುದುರೆ ಇದ್ದರೆ, ಮೊದಲು ನೋಡಬೇಕಾದ್ದು ಹಾಸಿನ ಬೆಲೆಯಲ್ಲ. ದಿನಾ ಬೆಳಗ್ಗೆ ಎಷ್ಟು ಹಾಸು ಹೊರಗೆ ಹೋಗುತ್ತದೆ ಅನ್ನೋದು.

ಒಣಹುಲ್ಲು ಸಾಮಾನ್ಯವಾಗಿ ಅಗ್ಗ, ಬೆಚ್ಚಗೂ ಇರುತ್ತದೆ. ಆದರೆ ಮೂತ್ರವನ್ನು ಅಷ್ಟಾಗಿ ಹೀರುವುದಿಲ್ಲ. ಪುಡಿಯಾದ ಲದ್ದಿ ಎಳೆಗಳ ನಡುವೆ ಸಿಕ್ಕಿಕೊಂಡರೆ ಒಳ್ಳೆ ಹುಲ್ಲನ್ನೂ ಸೇರಿಸಿಯೇ ಎಸೆಯಬೇಕು. ಆಗ ಅಗ್ಗದ್ದೂ ದುಬಾರಿಯೇ ಅಲ್ವಾ?

ಶೇವಿಂಗ್ಸ್, ಅಂದರೆ ಮರದ ತೆಳು ಸಿಪ್ಪೆ, ಹೆಚ್ಚು ಹೀರುತ್ತದೆ. ಲದ್ದಿ ಉಂಡೆಯಾಗೇ ಇದ್ದರೆ ಫೋರ್ಕಿನಲ್ಲಿ (ಲದ್ದಿ ಎತ್ತುವ, ಹಲ್ಲುಗಳಿರುವ ಸಲಿಕೆ) ಎತ್ತಿ ಕೊಡವಿದರೆ ಸಾಕು. ಒಡೆದಿದ್ದರೆ ಕೆಲಸ ಜಾಸ್ತಿ. ಕಪ್ಪು ವಾಲ್‌ನಟ್ ಮರದ್ದು ಮಾತ್ರ ಬೇಡವೇ ಬೇಡ, ಅದರಿಂದ ಗೊರಸಿನೊಳಗೆ ಲ್ಯಾಮಿನೈಟಿಸ್ ಉರಿಯೂತ ಬರುತ್ತದೆ.

ಪೆಲೆಟ್ ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ, ಅದಕ್ಕೆ ಮೊದಲು ನೀರು ಹಾಕಿ ಅರಳಿಸಬೇಕು. ಅರಳಿದ ಪುಡಿ ಸಣ್ಣದು. ಫೋರ್ಕನ್ನು ಅಲ್ಲಾಡಿಸಿದರೆ ಒಣಪುಡಿ ಕೆಳಗೆ ಉದುರಿ, ಲದ್ದಿಯ ಸಣ್ಣ ತುಂಡುಗಳೂ ಹಲ್ಲುಗಳ ಮೇಲೇ ಉಳಿಯುತ್ತವೆ. ಮೂತ್ರ ಬಿದ್ದ ಜಾಗ ಗಟ್ಟಿಯಾಗಿ ಕೂರುತ್ತದೆ, ಅಷ್ಟನ್ನೇ ತೆಗೆಯಬಹುದು. ತುಳಿದು ಕಲಸುವ ಕುದುರೆಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ತುಂಬ ಒಣಗಿದರೆ ದೂಳೇಳುತ್ತದೆ, ಆಗ ಸ್ವಲ್ಪ ನೀರು ಚಿಮುಕಿಸಿ.

ಕುದುರೆ ಹಾಸನ್ನೇ ತಿನ್ನುತ್ತದೆಯೇ? ಕೆಮ್ಮಿದೆಯೇ? ಹಾಗಿದ್ದರೆ ಹುಲ್ಲು ಬಿಟ್ಟು, ದೂಳು ತೆಗೆದ ಶೇವಿಂಗ್ಸ್ ನೋಡಿ. ಮರಿ ಹಾಕುವ ಕುದುರೆಗಾದರೆ ಶುಚಿಯಾದ ಹುಲ್ಲೇ ಒಳ್ಳೆಯದು, ಒದ್ದೆ ಮರಿಯ ಮೈಗೆ ಪುಡಿ ಮೆತ್ತಿಕೊಳ್ಳುವುದಿಲ್ಲ. ಗೊಬ್ಬರಕ್ಕೂ ಹುಲ್ಲು ಬೇಗ ಕೊಳೆಯುತ್ತದೆ.

ಯಾವುದನ್ನೇ ಹಾಕಿ, ಕೆಳಗೆ ರಬ್ಬರ್ ಮ್ಯಾಟ್ ಇದ್ದರೆ ಹಾಸು ಕಡಿಮೆ ಸಾಕು. ಒದ್ದೆಯಾದ ಹಾಸನ್ನಂತೂ ದಿನಾ ತೆಗೆಯಿರಿ, ಮೂತ್ರದಿಂದ ಏಳುವ ಅಮೋನಿಯಾ ಕುದುರೆಯ ಶ್ವಾಸಕೋಶಕ್ಕೆ ಕೆಟ್ಟದ್ದು.