ಹಿತ್ತಲಿನ ಬಲೆಗೆ ಸಿಕ್ಕ ಹಾವಿಗೆ ಕೈ ಹಾಕಬೇಡಿ

ಹೋದ ವರ್ಷ ಆಷಾಢದಲ್ಲಿ ನಮ್ಮನೆಯಲ್ಲಿ ನಡೆದಿದ್ದನ್ನು ಬರೆಯುತ್ತಿದ್ದೇನೆ. ಮತ್ತೆ ಮಳೆ ಹಿಡಿದಿದೆ. ನಮ್ಮ ಕಡೆ ಎಲ್ಲರೂ ಹಿತ್ತಲಿಗೆ ಬಲೆ ಕಟ್ಟುತ್ತಿದ್ದಾರೆ. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮದು ಬೇಲೂರಿನ ಹತ್ತಿರದ ಹಳ್ಳಿ. ಮನೆ ಹಿಂದೆ ನಾಲ್ಕು ಮಡಿ ಸೊಪ್ಪು, ಒಂದಿಷ್ಟು ಹುರುಳಿಕಾಯಿ. ಕೋಳಿ, ನವಿಲುಗಳ ಕಾಟಕ್ಕೆ ಸುತ್ತಲೂ ನೈಲಾನ್ ಬಲೆ ಕಟ್ಟಿದ್ದೆವು. ಒಂದು ಮೊಳ ಜಾಸ್ತಿ ಉಳಿದಿತ್ತು. ಕತ್ತರಿಸದೆ ಸುಮ್ನೆ ನೆಲದ ಮೇಲೆ ಬಿಟ್ಟೆವು. ಇಲಿ ಹುಡುಕಿಕೊಂಡು ಬರುವ ಹಾವಿಗೆ ಈ ಸಡಿಲ ಬಲೆಯೇ ಉರುಳು. ತಲೆ ತೂರಿಸಿದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಒದ್ದಾಡಿದಷ್ಟೂ ಬಿಗಿಯುತ್ತದೆ.

ಒಂದು ಬೆಳಿಗ್ಗೆ ಸೊಪ್ಪು ಕೀಳಲು ಹೋದಾಗ ಅದರಲ್ಲಿ ಹಾವೊಂದು ಸಿಕ್ಕಿಕೊಂಡು ಬಿದ್ದಿತ್ತು. ದಪ್ಪ ಮೈ, ಕಂದು ಬಣ್ಣ, ಮೇಲೆ ಮಚ್ಚೆ. ನಮ್ಮನೆಯವರು ನೋಡಿ, "ಹೆಬ್ಬಾವಿನ ಮರಿ ಕಣೇ, ವಿಷ ಇಲ್ಲ. ಪಾಪ, ಹೀಗೇ ಬಿಟ್ಟರೆ ಸತ್ತು ಹೋಗುತ್ತೆ" ಎಂದರು. ಕತ್ತರಿ ತಂದುಕೊಟ್ಟವಳು ನಾನೇ.

ಅದು ಕೊಳಕುಮಂಡಲ. ಎರಡನೇ ಎಳೆ ಕತ್ತರಿಸುವಾಗ ಅವರ ಬಲಗೈ ಹೆಬ್ಬೆರಳಿಗೆ ಕಚ್ಚಿತು. ಆಮೇಲೆ ಹಾವು ಹಿಡಿಯುವವರು ಬಂದು ವ್ಯತ್ಯಾಸ ತೋರಿಸಿದರು. ಕೊಳಕುಮಂಡಲದ ಬೆನ್ನ ಮೇಲೆ ಕಪ್ಪು ಅಂಚಿನ ದುಂಡು ಮಚ್ಚೆಗಳು ಸರಪಳಿಯ ಹಾಗೆ ಮೂರು ಸಾಲಾಗಿ ಇರುತ್ತವೆ. ಹೆಬ್ಬಾವಿನ ಮಚ್ಚೆಗಳು ಒಂದೊಂದೂ ಒಂದೊಂದು ಆಕಾರ, ಸಾಲಿಗೆ ಬರುವುದಿಲ್ಲ. ಕೆಣಕಿದರೆ ಕೊಳಕುಮಂಡಲ ಕುಕ್ಕರಿನ ಹಬೆ ಬಿಟ್ಟ ಹಾಗೆ ಜೋರಾಗಿ ಬುಸುಗುಡುತ್ತದೆ. ಆ ಸದ್ದು ನಮಗೂ ಕೇಳಿಸಿತ್ತು. ಹೆದರಿಕೊಂಡಿದೆ ಅಂದುಕೊಂಡೆವು. ಆದರೆ ಈ ಗುರುತು ಕಲಿತೆ ಅಂತ ನೀವು ಹತ್ತಿರ ಹೋಗಬೇಡಿ. ನಮ್ಮವರೂ ಗೊತ್ತಿದೆ ಅಂತಲೇ ಹೋಗಿದ್ದು.

ಇನ್ನೂ ದೊಡ್ಡ ತಪ್ಪು ಅದರ ನಂತರ ಆಯಿತು. ಅಕ್ಕಪಕ್ಕದವರು ಓಡಿಬಂದು ಮಣಿಕಟ್ಟಿಗೆ ಹುರಿ ಬಿಗಿದು ಕಟ್ಟಿದರು. ನಾಟಿ ಔಷಧಿ ಕೊಡುವವರ ಹತ್ತಿರ ಕರೆದೊಯ್ದೆವು. ಬೇರು ಅರೆದು ಹಚ್ಚಿದರು, ಕುಡಿಸಿದರು. ಒಂದೂವರೆ ಗಂಟೆ ಹೀಗೇ ಹೋಯಿತು. ಅಷ್ಟರಲ್ಲಿ ಕೈ ಮೊಣಕೈವರೆಗೆ ಊದಿ, ಒಸಡಿನಲ್ಲಿ ರಕ್ತ ಬಂತು.

ಆಸ್ಪತ್ರೆಯಲ್ಲಿ ಒಂದು ಗಾಜಿನ ಕೊಳವೆಗೆ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟರು. ಹೆಪ್ಪುಗಟ್ಟಬೇಕಿತ್ತು. ನೀರಿನ ಹಾಗೇ ಇತ್ತು. ತಕ್ಷಣ 10 ವಯಲ್ ವಿಷನಿವಾರಕ ಡ್ರಿಪ್‌ನಲ್ಲಿ ಹಾಕಿದರು. ಆಮೇಲೆ ಹಾಸನಕ್ಕೆ. ಮೂತ್ರ ಕಟ್ಟಿಹೋಗಿತ್ತು, ಮೂರು ಸಲ ಡಯಾಲಿಸಿಸ್ ಆಯಿತು. ಹೆಬ್ಬೆರಳಿನ ತುದಿ ಕೊಳೆತು ತೆಗೆಯಬೇಕಾಯಿತು. ಹುರಿ ಕಟ್ಟಿದರೆ ವಿಷ ನಿಲ್ಲುವುದಿಲ್ಲ, ಅಲ್ಲಿನ ಮಾಂಸ ಹಾಳಾಗುತ್ತದೆ ಅಷ್ಟೇ, ಎಂದು ಡಾಕ್ಟರು ಹೇಳಿದರು. ಕೊಯ್ಯುವುದು, ಬಾಯಲ್ಲಿ ಹೀರುವುದೂ ಬೇಡ.

ಹಾವು ಕಚ್ಚಿದರೆ 108ಕ್ಕೆ ಫೋನ್ ಮಾಡಿ. ಉಂಗುರ, ಬಳೆ, ವಾಚು ಬಿಚ್ಚಿ. ಕೈಕಾಲು ಅಲುಗಾಡಿಸದೆ, ಕಚ್ಚಿಸಿಕೊಂಡವರನ್ನು ನಡೆಸದೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾವನ್ನು ಕೊಂದು ಒಯ್ಯುವುದು ಬೇಕಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಬೇರು ಅರೆಯುವವರ ಮನೆಯಲ್ಲಿ ಸತ್ತವರು ಆ ಲೆಕ್ಕಕ್ಕೂ ಬರುವುದಿಲ್ಲ ಅಲ್ವಾ?

ಬಲೆ ಕಟ್ಟಲೇಬೇಕೆಂದರೆ ಬಿಗಿಯಾಗಿ ಎಳೆದು, ನೆಲದಿಂದ ಮೇಲಕ್ಕೆ ಕಟ್ಟಿ. ಉಳಿದ ತುಂಡನ್ನು ಸುತ್ತಿ ಅಟ್ಟಕ್ಕೆ ಹಾಕಿ. ಹಾವು ಸಿಕ್ಕಿಬಿದ್ದರೆ ದೂರ ನಿಂತು, ಹಾವು ಹಿಡಿಯಲು ಬಲ್ಲವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಅವರು ಬರುವವರೆಗೆ ಮಕ್ಕಳು, ನಾಯಿ ಅತ್ತ ಹೋಗದಂತೆ ನೋಡಿಕೊಳ್ಳಿ.

ನಿನ್ನೆ ಪಕ್ಕದ ಮನೆ ಅಕ್ಕನ ಹಿತ್ತಲಲ್ಲಿ ಹಾಗೇ ಒಂದು ಮೊಳ ಬಲೆ ನೆಲಕ್ಕೆ ಬಿದ್ದಿತ್ತು. ಕೇಳದೇ ಒಳಗೆ ಹೋಗಿ ಸುತ್ತಿ ಮೇಲಕ್ಕೆ ಕಟ್ಟಿ ಬಂದೆ.