ಏಳು ವರ್ಷ ಬಳಸಿದ ಲ್ಯಾಪ್‌ಟಾಪ್: ಮುಚ್ಚಳದ ಮೇಲೆ ಒಂದು ಹೆಸರು, ಬೋರ್ಡ್ ಮೇಲೆ ಇನ್ನೊಂದು

2018ರ ಗಣೇಶ ಹಬ್ಬದ ವಾರ ಹುಬ್ಬಳ್ಳಿಯಲ್ಲಿ ಕೊಂಡ ಲ್ಯಾಪ್‌ಟಾಪ್ ಇದು. 15.6 ಇಂಚಿನ ಪರದೆ, ಇಂಟೆಲ್ ಐ5-8250ಯು ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಒಂದು ಪ್ರಿಂಟರ್. ಭಾರದ ಕೆಲಸ ಏನಲ್ಲ, ಆದರೆ ಜಿಎಸ್‌ಟಿ ರಿಟರ್ನ್‌ನ ಗಡುವು, ಅಂದರೆ ತಿಂಗಳ 20ನೇ ತಾರೀಕು ಹತ್ತಿರ ಬಂದಾಗ ಮಿಷನ್ ಕೈ ಕೊಡುವ ಹಾಗಿಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ. ನನಗೆ ಆದ ಗೊಂದಲ ಯಾವ ಬ್ರಾಂಡ್ ಇಟ್ಟುಕೊಂಡವರಿಗೂ ಆಗಬಹುದು.

ಮೊದಲು ಮಿಷನ್ ಬಗ್ಗೆ. ಕೀಬೋರ್ಡ್ ಇವತ್ತಿಗೂ ಚೆನ್ನಾಗಿದೆ. ನಂಬರ್ ಪ್ಯಾಡ್ ಬೇರೆಯೇ ಇರುವುದು ಲೆಕ್ಕ ಬರೆಯುವವರಿಗೆ ದೊಡ್ಡ ಅನುಕೂಲ. ಹಾರ್ಡ್ ಡಿಸ್ಕ್ ಮಾತ್ರ ಮೂರೇ ವರ್ಷಕ್ಕೆ ಜೀವ ತಿಂದಿತು. 2021ರಲ್ಲಿ ಅದರ ಬದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, 8 ಜಿಬಿ ರ್‍ಯಾಮ್ ಸೇರಿಸಿದ ಮೇಲೆ ಹೊಸದೇ ಆದಂತಾಯಿತು. 2023ರಲ್ಲಿ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುವುದು ನಿಂತಿತು. ನೋಡಿದರೆ ಒಳಗೆ ಬ್ಯಾಟರಿ ಉಬ್ಬಿತ್ತು. ನಿಮ್ಮದೂ ಹೀಗಾದರೆ ಚಾರ್ಜ್ ಹಾಕುವುದನ್ನು ಅವತ್ತೇ ನಿಲ್ಲಿಸಿ, ಬ್ಯಾಟರಿ ಬದಲಾಯಿಸಿ. ಈಗ ಎಡಗಡೆ ಹಿಂಜ್ ಬಿರುಕು ಬಿಟ್ಟಿದೆ. ಇಷ್ಟಾದರೂ ನಾನು 5ಕ್ಕೆ 4 ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಅಪ್‌ಡೇಟ್ ವಿಷಯಕ್ಕೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಎನ್ನುವ ಸಂದೇಶ ಆ ವರ್ಷದ ಮಳೆಗಾಲದಲ್ಲಿ ಪದೇ ಪದೇ ಬರತೊಡಗಿತು. ಮೈಕ್ರೋಸಾಫ್ಟ್‌ನ ಹೆಲ್ತ್ ಚೆಕ್ ಆ್ಯಪ್ ಹಾಕಿ ನೋಡಿದೆ. ಟಿಪಿಎಂ 2.0 (ಭದ್ರತೆಯ ಕೀಗಳನ್ನು ಕಾಯುವ ವ್ಯವಸ್ಥೆ) ಸಿಗುತ್ತಿಲ್ಲ, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಬಿಡುವ ಕಾವಲು) ಇಲ್ಲ, ವಿಂಡೋಸ್ 11 ಆಗುವುದಿಲ್ಲ ಎಂದಿತು. ಊರಿನ ಅಂಗಡಿಯೊಂದರಲ್ಲಿ ಕೇಳಿದರೆ "ಮದರ್‌ಬೋರ್ಡೇ ಹಳೇದು ಮೇಡಂ, ಹೊಸದು ತಗೊಂಡುಬಿಡಿ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ನನ್ನದು ಇಂಟೆಲ್‌ನ 8ನೇ ಪೀಳಿಗೆಯ ಪ್ರೊಸೆಸರ್, ಅವು ವಿಂಡೋಸ್ 11 ನಡೆಯುವ ಪ್ರೊಸೆಸರ್‌ಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇವೆ. ಪ್ರೊಸೆಸರ್ ಸರಿ ಇದ್ದು ಬೋರ್ಡ್ ಮಾತ್ರ ಹಳೆಯದು ಎಂದರೆ ಹೇಗೆ? ಹಾಗಾದರೆ ಈ ಬೋರ್ಡ್ ಮಾಡಿದ್ದು ಯಾರು, ಅದಕ್ಕೆ ಅಪ್‌ಡೇಟ್ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಹೊರಟೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಬಯೋಸ್ (ಮಿಷನ್ ಆನ್ ಆದೊಡನೆ ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್ ಮೇಲೇ ಇರುವ ಸಾಫ್ಟ್‌ವೇರ್) ವರ್ಷನ್ ಮತ್ತು ತಾರೀಕು ಇರುತ್ತದೆ, ಕೆಳಗೆ ಬೇಸ್‌ಬೋರ್ಡ್ ಮ್ಯಾನುಫ್ಯಾಕ್ಚರರ್ ಎನ್ನುವ ಸಾಲು. ನನ್ನದರಲ್ಲಿ ಬಯೋಸ್ 2018ರದ್ದೇ ಇತ್ತು. ಕೊಂಡ ದಿನದಿಂದ ಯಾರೂ ಮುಟ್ಟಿರಲಿಲ್ಲ. ಬೋರ್ಡ್ ತಯಾರಕರ ಜಾಗದಲ್ಲಿ ಮಾತ್ರ ಕಂಪನಿ ಹೆಸರಿಲ್ಲ, 'ಕೆಬಿಎಲ್' ಎಂದು ಮೂರೇ ಅಕ್ಷರ. ನಮ್ಮ ಕಡೆಯವರಿಗೆ ಆ ಅಕ್ಷರ ನೋಡಿದರೆ ಕರ್ನಾಟಕ ಬ್ಯಾಂಕ್ ನೆನಪಾಗುತ್ತದೆ ಅಲ್ವಾ? ಒಂದು ಸಂಜೆ ಪೂರ್ತಿ ಕೆಬಿಎಲ್ ಎಂಬ ಕಂಪನಿ ಹುಡುಕಿದೆ. ಕೊನೆಗೆ ಗೊತ್ತಾಯಿತು, ಅದು ಕಂಪನಿಯೇ ಅಲ್ಲ. ಇಂಟೆಲ್ ಆ ಪ್ರೊಸೆಸರ್‌ಗಳಿಗೆ ಇಟ್ಟಿದ್ದ ಒಳಹೆಸರು ಕೇಬಿ ಲೇಕ್, ಅದರ ಚುಟುಕು ರೂಪ ಅಷ್ಟೇ. ಈ ಸಾಲುಗಳನ್ನು ಕಾರ್ಖಾನೆಯಲ್ಲಿ ಬಯೋಸ್ ಒಳಗೆ ತುಂಬಿ ಕಳಿಸುತ್ತಾರೆ. ವಿಂಡೋಸ್ ಸುಮ್ನೆ ಓದಿ ತೋರಿಸುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಅಲ್ಲಿ 'ತಯಾರಕರು ತುಂಬಬೇಕು' ಎನ್ನುವ ಇಂಗ್ಲಿಷ್ ಸಾಲೇ ಹಾಗೇ ಉಳಿದುಬಿಟ್ಟಿರುತ್ತದೆ.

ನಿಜವಾದ ಉತ್ತರ ನನ್ನ ಫೋನಿನಲ್ಲೇ ಇತ್ತು. 2021ರಲ್ಲಿ ಎಸ್‌ಎಸ್‌ಡಿ ಹಾಕಿಸುವಾಗ ಹಿಂಬದಿ ತೆಗೆದ ಫೋಟೋ ಇಟ್ಟುಕೊಂಡಿದ್ದೆ. ಬೋರ್ಡ್ ಮೇಲೆ ಬಿಳಿ ಅಕ್ಷರದಲ್ಲಿ ಡಿಎ0 ಎಂದು ಶುರುವಾಗುವ ಉದ್ದದ ನಂಬರ್. ಹುಬ್ಬಳ್ಳಿಯಲ್ಲಿ ಚಿಪ್ ಮಟ್ಟದ ರಿಪೇರಿ ಮಾಡುವ ಒಬ್ಬರಿಗೆ ಕಳಿಸಿದೆ. "ಅಕ್ಕಾರ, ಇದು ಕ್ವಾಂಟಾ ಬೋರ್ಡ್ ಐತ್ರಿ. ಮ್ಯಾಲಿನ ಹೆಸರು ಯಾವ್ದರ ಇರ್ಲಿ, ನಮಗ ಈ ನಂಬರ್ ಬೇಕ್ರಿ" ಎಂದರು. ಎಲ್ಎ ಎಂದು ಶುರುವಾದರೆ ಕಂಪಾಲ್‌ನವರದ್ದಂತೆ. ಎರಡೂ ತೈವಾನ್ ಕಂಪನಿಗಳು. ನಾವು ಬೇರೆ ಬೇರೆ ಎಂದುಕೊಂಡ ಎಷ್ಟೋ ಬ್ರಾಂಡ್‌ಗಳ ಲ್ಯಾಪ್‌ಟಾಪ್‌ಗಳನ್ನು ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್ ಇವರೇ ಮಾಡಿಕೊಡುತ್ತಾರೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕೂಡ ಇದೇ. ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು.

ಹೆಸರು ಸಿಕ್ಕಿತಲ್ಲ ಎಂದು ಆ ಹೆಸರಲ್ಲೇ ಬಯೋಸ್ ಹುಡುಕಿದೆ. ಇಲ್ಲೇ ಅಪಾಯ ಇರುವುದು, ದಯವಿಟ್ಟು ಗಮನ ಕೊಡಿ. ಯಾರೋ ಎಲ್ಲಿಂದಲೋ ತೆಗೆದು ಹಾಕಿದ ಬಯೋಸ್ ಫೈಲುಗಳು ಬೇಕಾದಷ್ಟು ಸಿಗುತ್ತವೆ. ಒಂದು ಡ್ರೈವರ್ ಅಪ್‌ಡೇಟ್ ಸಾಫ್ಟ್‌ವೇರ್ ಅಂತೂ 23 ಡ್ರೈವರ್ ಹಳೆಯವು ಎಂದು ಕೆಂಪು ಬಣ್ಣದಲ್ಲಿ ಹೆದರಿಸಿ ದುಡ್ಡು ಕೇಳಿತು. ತಕ್ಷಣ ತೆಗೆದುಹಾಕಿದೆ. ಬೋರ್ಡ್ ಕ್ವಾಂಟಾ ಮಾಡಿದ್ದೇ ಇರಬಹುದು, ಆದರೆ ಫ್ಯಾನ್, ಬ್ಯಾಟರಿ, ಕೀಬೋರ್ಡ್ ಹೇಗೆ ನಡೆಯಬೇಕು ಎನ್ನುವುದು ಪ್ರತಿ ಬ್ರಾಂಡ್‌ಗೆ, ಪ್ರತಿ ಮಾಡೆಲ್‌ಗೆ ಬೇರೆ. ಬಯೋಸ್ ಕೊಡಬೇಕಾದವರು ಮುಚ್ಚಳದ ಮೇಲೆ ಹೆಸರಿರುವವರೇ. ಕೆಳಗಿನ ಸ್ಟಿಕರ್‌ನಲ್ಲಿ ಇರುವ ಸೀರಿಯಲ್ ನಂಬರ್ ಅವರ ಸಪೋರ್ಟ್ ಪುಟದಲ್ಲಿ ಹಾಕಿ. ಬೋರ್ಡ್ ನಂಬರ್ ಬೇಕಾಗುವುದು ರಿಪೇರಿಗೆ.

ನನ್ನ ಮಾಡೆಲ್‌ಗೆ ಅಲ್ಲಿ 2021ರ ಬಯೋಸ್ ಇತ್ತು. ನಾಲ್ಕು ವರ್ಷ ಅದು ಅಲ್ಲಿ ಇತ್ತು, ನನಗೆ ಒಂದು ಮಾತೂ ಬಂದಿರಲಿಲ್ಲ. ಆ ಒಂದು ಅಂಕ ಇದಕ್ಕೇ ಹೋಗಿದ್ದು. 20ರ ಗಡುವು ಕಳೆದ ಮರುದಿನ ಕೂತೆ. ಜುಲೈ ತಿಂಗಳ ಶಿರಸಿ, ಯಾವಾಗ ಕರೆಂಟ್ ಹೋಗುತ್ತದೋ ಹೇಳುವಂತಿಲ್ಲ. ಬಯೋಸ್ ಬರೆಯುವಾಗ ಮಧ್ಯೆ ಆಫ್ ಆದರೆ ಬೋರ್ಡ್ ಏಳದೇ ಹೋಗಬಹುದು. ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರನ್ನು ಯುಪಿಎಸ್‌ಗೆ ಹಾಕಿ, ಟ್ಯಾಲಿ ಡೇಟಾ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಯೇ ಶುರು ಮಾಡಿದೆ. ಐದಾರು ನಿಮಿಷದ ಕೆಲಸ. ಫ್ಯಾನ್ ಜೋರಾಗಿ ತಿರುಗಿತು, ಎರಡು ಸಲ ತಾನೇ ಆಫ್ ಆಗಿ ಆನ್ ಆಯಿತು. ಕೈ ತಣ್ಣಗಾಗಿತ್ತು. ನಿಮ್ಮದರಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಬಯೋಸ್ ಬದಲಾದ ಮೇಲೆ ಅದನ್ನು ಕೇಳಬಹುದು.

ಆಮೇಲೆ ಬಯೋಸ್ ಒಳಗೆ ಹೋಗಿ ನೋಡಿದರೆ ಇಂಟೆಲ್ ಪಿಟಿಟಿ ಆಫ್ ಆಗಿತ್ತು. ಅದೇ ಟಿಪಿಎಂ! ಬೇರೆ ಚಿಪ್ ಏನೂ ಬೇಕಾಗಿರಲಿಲ್ಲ. ಎಸ್‌ಎಸ್‌ಡಿ ಹಾಕಿದಾಗ ವಿಂಡೋಸನ್ನು ಲೆಗಸಿ ಮೋಡ್ ಎನ್ನುವ ಹಳೆಯ ಬೂಟ್ ವಿಧಾನದಲ್ಲಿ ಇನ್‌ಸ್ಟಾಲ್ ಮಾಡಿದ್ದರು, ಸೆಕ್ಯೂರ್ ಬೂಟ್ ಸಿಗದಿರಲು ಅದು ಕಾರಣ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎನ್ನುವ ಸಾಧನದಿಂದ ಅದೇ ಡಿಸ್ಕ್‌ನ ವಿಭಾಗಗಳ ಪದ್ಧತಿಯನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಿ, ನಂತರ ಬಯೋಸ್‌ನಲ್ಲಿ ಬೂಟ್ ವಿಧಾನವನ್ನು ಹೊಸದಾದ ಯುಇಎಫ್‌ಐ ಮಾಡಿದೆ. ಹೆಲ್ತ್ ಚೆಕ್ ಹಸಿರು ತೋರಿಸಿತು.

ವಿಂಡೋಸ್ 11 ಹಾಕಿದ ಮೇಲೆ ಟ್ಯಾಲಿಗೆ ಏನೂ ಆಗಲಿಲ್ಲ. ಡಿಎಸ್‌ಸಿ ಟೋಕನ್ ಡ್ರೈವರ್ ಮತ್ತು ಪೋರ್ಟಲ್‌ನಲ್ಲಿ ಡಿಜಿಟಲ್ ಸಹಿ ಹಾಕಲು ಬೇಕಾದ ಎಂಸೈನರ್ ಮಾತ್ರ ಮತ್ತೆ ಹಾಕಬೇಕಾಯಿತು. ಯಂತ್ರ ಅರ್ಹವೇ ಆಗದಿದ್ದವರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಸಿಗುವ ದಾರಿ ಇದೆ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಬೇಡ. ಇನ್ನೊಂದು ವಿಷಯದ ಮೇಲೆ ಕಣ್ಣಿಟ್ಟಿದ್ದೇನೆ. ಸೆಕ್ಯೂರ್ ಬೂಟ್‌ನ 2011ರ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಹೊಸವು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ, ಕೆಲವು ಯಂತ್ರಗಳಿಗೆ ಬ್ರಾಂಡಿನವರ ಬಯೋಸ್ ಕೂಡ ಬೇಕಾಗುತ್ತದೆ. ಅದಕ್ಕೇ ಅವರ ಸಪೋರ್ಟ್ ಪುಟವನ್ನು ಈಗ ತಿಂಗಳಿಗೊಮ್ಮೆ ನೋಡುತ್ತೇನೆ.

ಹಿಂಜ್‌ನ ಫೋಟೋ ಹುಬ್ಬಳ್ಳಿಗೆ ಕಳಿಸಿದ್ದೇನೆ. ಈ ಸಲ ಮಾಡೆಲ್ ಹೆಸರಿನ ಜೊತೆ ಬೋರ್ಡ್ ನಂಬರನ್ನೂ ಬರೆದೆ. "ಬರ್ರಿ ಅಕ್ಕಾರ, ಪಾರ್ಟ್ ಸಿಗ್ತೈತಿ" ಎಂದಿದ್ದಾರೆ.